ಎಂಟು ಕಾಲಿನ ಕಾಲಮಾಪಕ

ಹುಣಸೆಯ ಬೀಜದಷ್ಟು ಗಾತ್ರ. ಮೈಬಣ್ಣ ಅದಕ್ಕಿಂತಲೂ ಕಪ್ಪು. ಎರಡು ಬದಿಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಲೋಹದ ಕಾಲುಗಳು. ಅಂಗೈಯಲ್ಲಿ ಮಗುಚಿ ಹಾಕಿದರೆ ಸತ್ತ ಹುಳುವಿನಂತೆ ತೋರುತ್ತದೆ. ಬೆನ್ನಿನ ಮೇಲೆ ಮಾತ್ರ, ಕಣ್ಣು ಕಿರಿದು ಮಾಡಿ ನೋಡಿದರೆ ಕಾಣುವಂತೆ, ೫೫೫ ಎಂಬ ಅಂಕಿ ಅಚ್ಚಾಗಿರುತ್ತದೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಯಾವುದೇ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಈ ಅಂಕಿಯನ್ನಷ್ಟೇ ಹೇಳಿದರೆ ಸಾಕು. ಅಂಗಡಿಯವನು ಬೇರೆ ಮಾತಿಲ್ಲದೆ ಡಬ್ಬಿಗೆ ಕೈ ಹಾಕುತ್ತಾನೆ. ಕನ್ನಡ ಎಂ.ಎ. ಓದಿ, ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿಕೊಂಡು ನಿವೃತ್ತನಾದ ನನಗೆ ಈ ಹುಳುವಿನ ಗೆಳೆತನ ಹೇಗಾಯಿತು ಎಂದು ನೀವು ಕೇಳಬಹುದು. ಅದನ್ನು ಹೇಳುವ ಮೊದಲು ಹುಳುವಿನ ಪರಿಚಯವಾಗಲಿ.

ಇಂಥ ವಸ್ತುವಿಗೆ ಇಂಟಿಗ್ರೇಟೆಡ್ ಸರ್ಕ್ಯೂಟ್ ಎಂದು ಹೆಸರು. ಬಾಯಿಮಾತಿನಲ್ಲಿ ಐ.ಸಿ. ಅಥವಾ ಚಿಪ್ ಎನ್ನುತ್ತಾರೆ. ಆ ಇಂಗ್ಲಿಷ್ ಪದ ನಮ್ಮವರ ನಾಲಗೆಯ ಮೇಲೆ ಹೊರಳಿ ‘ಚಿಪ್ಪು’ ಆಗಿರುವುದು ನನಗೆ ಪ್ರಿಯವಾದ ಸಂಗತಿ. ಒಳಗೆ ಏನನ್ನೋ ಅಡಗಿಸಿಕೊಂಡು ಹೊರಗೆ ಗಟ್ಟಿಯಾಗಿರುವ ವಸ್ತುವಿಗೆ ಅದಕ್ಕಿಂತ ಒಪ್ಪುವ ಹೆಸರು ಯಾವುದಿದೆ?

ಇದರ ಕಾಲುಗಳನ್ನು ಎಣಿಸುವುದಕ್ಕೂ ಒಂದು ಕ್ರಮವುಂಟು. ಮೈಯ ಒಂದು ತುದಿಯಲ್ಲಿ ಉಗುರಿನಿಂದ ಚಿವುಟಿದಂತೆ ಒಂದು ಕಚ್ಚು ಇರುತ್ತದೆ. ಆ ಕಚ್ಚು ಮೇಲಾಗುವಂತೆ ಹಿಡಿದರೆ ಎಡಗಡೆಯ ಮೇಲಿನದು ಒಂದನೆಯ ಕಾಲು. ಅಲ್ಲಿಂದ ಕೆಳಗಿಳಿದು, ಬಲಕ್ಕೆ ದಾಟಿ, ಮೇಲೇರುತ್ತ ಎಣಿಸಬೇಕು. ಎಂದರೆ, ಅಪ್ರದಕ್ಷಿಣೆ. ದೇವಸ್ಥಾನದಲ್ಲಿ ಬಲಕ್ಕೆ ಸುತ್ತಿ ಅಭ್ಯಾಸವಾದವರು ಇಲ್ಲಿ ಎಚ್ಚರ ತಪ್ಪಿದರೆ, ಎಂಟನೆಯ ಕಾಲಿಗೆ ಸೇರಬೇಕಾದ ಬ್ಯಾಟರಿಯ ಧನ ತುದಿ ಒಂದನೆಯದಕ್ಕೆ ಸೇರಿ ಚಿಪ್ಪು ಸುಟ್ಟುಹೋಗುತ್ತದೆ.

ಮೊದಲು ರೇಡಿಯೋ ಮುಂತಾದ ಉಪಕರಣಗಳಲ್ಲಿ ಟ್ರಾನ್ಸಿಸ್ಟರು, ರೋಧಕ, ಧಾರಕಗಳನ್ನು ಬಿಡಿಬಿಡಿಯಾಗಿ ತಂದು ತಂತಿಯಿಂದ ಬೆಸೆಯುತ್ತಿದ್ದರು. ಅವೆಲ್ಲವನ್ನೂ ಒಂದೇ ತುಣುಕಿನಲ್ಲಿ ರೂಪಿಸಬಾರದೇಕೆ ಎಂದು ಯೋಚಿಸಿದವನು ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಗೆ ಹೊಸದಾಗಿ ಸೇರಿದ್ದ ಜ್ಯಾಕ್ ಕಿಲ್ಬಿ. ೧೯೫೮ರ ಬೇಸಗೆಯಲ್ಲಿ ಸಹೋದ್ಯೋಗಿಗಳೆಲ್ಲ ರಜೆಯ ಮೇಲೆ ತೆರಳಿದಾಗ, ರಜೆಗೆ ಇನ್ನೂ ಅರ್ಹನಾಗಿರದ ಆತ ಒಬ್ಬನೇ ಕುಳಿತು ಆಲೋಚಿಸಿದ. ಸೆಪ್ಟೆಂಬರಿನಲ್ಲಿ ಜರ್ಮೇನಿಯಮ್ಮಿನ ತುಣುಕೊಂದರಲ್ಲಿ ಮಾಡಿ ತೋರಿಸಿದ. ಮರುವರ್ಷವೇ ರಾಬರ್ಟ್ ನಾಯ್ಸ್ ಎಂಬಾತ ಸಿಲಿಕಾನಿನಲ್ಲಿ ಅದಕ್ಕಿಂತ ಸುಲಭವಾದ ಮಾರ್ಗವನ್ನು ಕಂಡುಕೊಂಡ. ಕಿಲ್ಬಿಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟರಲ್ಲಿ ನಾಯ್ಸ್ ತೀರಿಕೊಂಡು ಹತ್ತು ವರ್ಷಗಳಾಗಿದ್ದವು.

ನಮ್ಮ ೫೫೫ನ್ನು ರೂಪಿಸಿದವನು ಹಾನ್ಸ್ ಕ್ಯಾಮೆನ್ಜಿಂಡ್. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದವನು. ೧೯೭೧ರಲ್ಲಿ ಸಿಗ್ನೆಟಿಕ್ಸ್ ಎಂಬ ಕಂಪನಿಗಾಗಿ, ಅದರ ನೌಕರನಾಗಿ ಅಲ್ಲ, ಗುತ್ತಿಗೆಯ ಮೇಲೆ ಈ ಕೆಲಸವನ್ನು ಮಾಡಿದ. ಅವನ ಮೊದಲ ರಚನೆಗೆ ಒಂಬತ್ತು ಕಾಲುಗಳು ಬೇಕಾಗಿದ್ದವು. ಅದು ಒಪ್ಪಿಗೆ ಪಡೆದ ಮೇಲೆಯೂ ಆತ ಸುಮ್ಮನಿರಲಿಲ್ಲ. ಒಳಗಿನ ಒಂದು ಜಟಿಲವಾದ ಭಾಗದ ಬದಲು ಸಾಧಾರಣ ರೋಧಕವೊಂದನ್ನು ಹೊರಗಿಟ್ಟರೆ ಸಾಕೆಂದು ಹೊಳೆಯಿತು. ಒಂದು ಕಾಲು ಉಳಿಯಿತು. ಎಂಟು ಕಾಲಿನ ಚಿಕ್ಕ, ಅಗ್ಗದ ಕವಚದಲ್ಲಿ ಅದು ಹಿಡಿಸಿತು. ೧೯೭೨ರಲ್ಲಿ ಮಾರುಕಟ್ಟೆಗೆ ಬಂದ ಆ ಚಿಪ್ಪನ್ನು ಅರ್ಧ ಶತಮಾನ ಕಳೆದರೂ ಜಗತ್ತು ತಯಾರಿಸುತ್ತಲೇ ಇದೆ. ಒಳಗೆ ಮೂರು ರೋಧಕಗಳು ಐದೈದು ಸಾವಿರ ಓಮಿನವಾಗಿರುವುದರಿಂದ ೫೫೫ ಎಂಬ ಹೆಸರು ಬಂದಿತೆಂದು ಹಲವರು ಹೇಳುವುದುಂಟು. ಕಥೆ ಸೊಗಸಾಗಿದೆ, ನಿಜವಲ್ಲ. ಕಂಪನಿಯ ಮಾರಾಟ ವಿಭಾಗದ ಅಧಿಕಾರಿಯೊಬ್ಬ ಸುಮ್ಮನೆ ಆರಿಸಿದ ಅಂಕಿ ಅದು ಎಂದು ಕ್ಯಾಮೆನ್ಜಿಂಡನೇ ಹೇಳಿದ್ದಾನೆ. ಆತ ೨೦೧೨ರಲ್ಲಿ ನಿಧನನಾದ.

ಇನ್ನು ಇದು ಮಾಡುವ ಕೆಲಸವೇನು? ಕಾಲವನ್ನು ಅಳೆಯುವುದು. ಹೇಗೆ ಅಳೆಯುತ್ತದೆಂಬುದನ್ನು ತಿಳಿಯಲು ನಾವು ಕ್ಯಾಲಿಫೋರ್ನಿಯಕ್ಕೆ ಹೋಗಬೇಕಾಗಿಲ್ಲ. ನಮ್ಮ ಅಜ್ಜಂದಿರ ಕಾಲದ ಮದುವೆಯ ಚಪ್ಪರಕ್ಕೆ ಹೋದರೆ ಸಾಕು. ಅಲ್ಲಿ ಮುಹೂರ್ತವನ್ನು ಅರಿಯಲು ಗಳಿಗೆ ಬಟ್ಟಲನ್ನು ಇಡುತ್ತಿದ್ದರು. ತಳದಲ್ಲಿ ಸೂಜಿಮೊನೆಯಷ್ಟು ರಂಧ್ರವಿರುವ ತಾಮ್ರದ ಬಟ್ಟಲು. ಅದನ್ನು ನೀರು ತುಂಬಿದ ಹರಿವಾಣದಲ್ಲಿ ತೇಲಿಬಿಟ್ಟರೆ ರಂಧ್ರದ ಮೂಲಕ ನೀರು ಮೆಲ್ಲಮೆಲ್ಲನೆ ಒಳಸೇರಿ, ಬಟ್ಟಲು ತುಂಬಿ ಮುಳುಗುವಾಗ ಒಂದು ಗಳಿಗೆ, ಎಂದರೆ ೨೪ ನಿಮಿಷ, ಆಗಿರುತ್ತಿತ್ತು. ಕಾಯುತ್ತ ಕುಳಿತವನು ಅದನ್ನೆತ್ತಿ, ಬರಿದು ಮಾಡಿ, ಮತ್ತೆ ತೇಲಿಬಿಡಬೇಕು. ದಿನಕ್ಕೆ ಅಂಥ ಅರುವತ್ತು ಗಳಿಗೆಗಳು.

೫೫೫ರ ಪಕ್ಕದಲ್ಲಿ ಹೊರಗಿನಿಂದ ಜೋಡಿಸುವ ಧಾರಕವೇ ಬಟ್ಟಲು, ರೋಧಕವೇ ರಂಧ್ರ. ನೀರಿನ ಬದಲು ಹರಿಯುವುದು ವಿದ್ಯುತ್ತು. ಬಟ್ಟಲು ದೊಡ್ಡದಾದರೆ ತುಂಬಲು ಹೊತ್ತು ಹೆಚ್ಚು. ರೋಧಕ ದೊಡ್ಡದಾದರೆ ರಂಧ್ರ ಕಿರಿದಾದಂತೆ, ಆಗಲೂ ಹೊತ್ತು ಹೆಚ್ಚು. ಬಟ್ಟಲಿನ ಬಳಿ ಕಾಯುತ್ತ ಕುಳಿತವನ ಕೆಲಸವನ್ನು ಚಿಪ್ಪು ಮಾಡುತ್ತದೆ. ಬಟ್ಟಲಿನ ಒಳಮೈಯಲ್ಲಿ ಅದು ಎರಡು ಗೆರೆಗಳನ್ನು ಎಳೆದುಕೊಂಡಿದೆ: ಬ್ಯಾಟರಿಯ ಒತ್ತಡದ ಮೂರನೆಯ ಒಂದು ಭಾಗಕ್ಕೆ ಒಂದು, ಮೂರನೆಯ ಎರಡು ಭಾಗಕ್ಕೆ ಇನ್ನೊಂದು. ಮೊದಲು ಹೇಳಿದ ಆ ಮೂರು ಸಮಾನ ರೋಧಕಗಳು ಇರುವುದು ಈ ಗೆರೆಗಳನ್ನು ಎಳೆಯುವುದಕ್ಕಾಗಿ. ಮಟ್ಟ ಮೇಲಿನ ಗೆರೆಯನ್ನು ಮುಟ್ಟಿದೊಡನೆ ಏಳನೆಯ ಕಾಲು ಬಟ್ಟಲನ್ನು ಬರಿದು ಮಾಡತೊಡಗುತ್ತದೆ. ಕೆಳಗಿನ ಗೆರೆಗೆ ಇಳಿದೊಡನೆ ಮತ್ತೆ ತುಂಬಲು ಬಿಡುತ್ತದೆ. ತುಂಬುವಾಗ ಮೂರನೆಯ ಕಾಲಿನಲ್ಲಿ ವಿದ್ಯುತ್ತು ಏರಿರುತ್ತದೆ, ಬರಿದಾಗುವಾಗ ಇಳಿದಿರುತ್ತದೆ. ಆ ಕಾಲಿಗೆ ದೀಪ ಕಟ್ಟಿದರೆ ಮಿನುಗುತ್ತದೆ. ಧ್ವನಿವರ್ಧಕ ಕಟ್ಟಿದರೆ ಕೂಗುತ್ತದೆ. ಒಂದೇ ಸಲ ತುಂಬಿ ನಿಲ್ಲುವಂತೆಯೂ ಜೋಡಿಸಬಹುದು. ಆಗ ಲೆಕ್ಕ ಸುಲಭ: ರೋಧಕವನ್ನು ಧಾರಕದಿಂದ ಗುಣಿಸಿ, ೧.೧ರಿಂದ ಮತ್ತೆ ಗುಣಿಸಿ. ಒಂದು ಲಕ್ಷ ಓಮಿನ ರೋಧಕ, ನೂರು ಮೈಕ್ರೋಫ್ಯಾರಡ್ಡಿನ ಧಾರಕ, ಹನ್ನೊಂದು ಸೆಕೆಂಡು.

ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಅಂಶ. ಬ್ಯಾಟರಿ ಹಳತಾಗಿ ಒತ್ತಡ ಒಂಬತ್ತು ವೋಲ್ಟಿನಿಂದ ಆರಕ್ಕೆ ಇಳಿಯಿತೆನ್ನಿ. ಬಟ್ಟಲಿಗೆ ಬರುವ ಹರಿವು ತಗ್ಗುತ್ತದೆ; ಹೊತ್ತು ತಪ್ಪಬೇಕಲ್ಲವೇ? ತಪ್ಪುವುದಿಲ್ಲ. ಗೆರೆಗಳು ಇಂತಿಷ್ಟು ವೋಲ್ಟು ಎಂದು ನಿಂತವಲ್ಲ. ಬ್ಯಾಟರಿಯ ಮೂರನೆಯ ಒಂದು, ಮೂರನೆಯ ಎರಡು ಎಂದು ನಿಂತವು. ಬ್ಯಾಟರಿ ಇಳಿದರೆ ಗೆರೆಗಳೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ. ಉಳ್ಳವನ ಅಳತೆಗೋಲಿನಿಂದ ಇಲ್ಲದವನನ್ನು ಅಳೆಯದ ಈ ನ್ಯಾಯವನ್ನು ಇಷ್ಟು ಚಿಕ್ಕ ವಸ್ತುವಿನಲ್ಲಿ ಅಡಕಮಾಡಿದವನ ಬುದ್ಧಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ.

ಇದೆಲ್ಲ ನನಗೆ ತಿಳಿದದ್ದು ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯಿಂದ. ೧೯೯೧ರ ಮಾತು. ಬಯಲುಸೀಮೆಯ ಒಂದು ಚಿಕ್ಕ ಪಟ್ಟಣದ ಪ್ರೌಢಶಾಲೆಯಲ್ಲಿ ನಾನು ಆಗ ಕನ್ನಡ ಅಧ್ಯಾಪಕ. ಆ ಊರಿಗೆ ನೀರು ಬರುತ್ತಿದ್ದುದು ನಾಲ್ಕು ದಿನಕ್ಕೋ ಐದು ದಿನಕ್ಕೋ ಒಮ್ಮೆ. ಅದೂ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಯಾವಾಗಲೋ, ಒಂದು ತಾಸು. ಆ ತಾಸು ತಪ್ಪಿದರೆ ಇನ್ನೈದು ದಿನ ಸವುಳು ನೀರೇ ಗತಿ. ಹುಡುಗಿಯ ತಂದೆ ಇರಲಿಲ್ಲ. ತಾಯಿ ಅಕ್ಕಿ ಗಿರಣಿಯೊಂದರಲ್ಲಿ ದುಡಿಯುತ್ತಿದ್ದಳು. ನೀರಿನ ರಾತ್ರಿಯೆಲ್ಲ ನಲ್ಲಿಯ ಮುಂದೆ ಕುಳಿತು, ಹಗಲು ಗಿರಣಿಯಲ್ಲಿ ನಿಲ್ಲಬೇಕು. ಒಂದು ದಿನ ನಿಂತಲ್ಲೇ ತೂಕಡಿಸಿ ಆಕೆಯ ಸೆರಗು ಯಂತ್ರದ ಪಟ್ಟಿಗೆ ಸಿಕ್ಕಿತು. ಸೀರೆ ಹಳೆಯದಾಗಿದ್ದುದರಿಂದ ಹರಿಯಿತು, ಆಕೆ ಉಳಿದಳು. ಹುಡುಗಿ ಇದನ್ನು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ. ಅಂದು ಅವಳು ಬಂದಿದ್ದುದು ಕೇವಲ ಒಂದು ಪದದ ಅರ್ಥವನ್ನು ಕೇಳಲು.

“ಸಾರ್, ‘ಥ್ರೆಶೋಲ್ಡ್’ ಅಂದರೇನು? ‘ಟ್ರಿಗರ್’ ಅಂದರೇನು?”

ಕೈಯಲ್ಲಿ ಯಾವುದೋ ಪತ್ರಿಕೆಯಿಂದ ಎತ್ತಿ ಬರೆದುಕೊಂಡ ಒಂದು ಚಿತ್ರವಿತ್ತು. ಚೌಕದ ಸುತ್ತ ಎಂಟು ಗೆರೆಗಳು, ಒಂದೊಂದಕ್ಕೂ ಒಂದು ಇಂಗ್ಲಿಷ್ ಹೆಸರು. ವಿಜ್ಞಾನದ ಅಧ್ಯಾಪಕರ ಹುದ್ದೆ ಆ ವರ್ಷ ಖಾಲಿಯಾಗಿತ್ತು. ನಾನು ನಿಘಂಟನ್ನು ತೆರೆದೆ. ಥ್ರೆಶೋಲ್ಡ್ ಎಂದರೆ ಹೊಸ್ತಿಲು. ಟ್ರಿಗರ್‌ಗೆ ನಿಘಂಟು ಬೇಕಾಗಲಿಲ್ಲ. ಬಂದೂಕಿನ ಆ ಭಾಗವನ್ನು ನಮ್ಮವರು ಕುದುರೆ ಎನ್ನುತ್ತಾರೆ. ಹುಡುಗಿ ಎರಡನೆಯ ಕಾಲಿನ ಎದುರು ಕುದುರೆ ಎಂದೂ ಆರನೆಯದರ ಎದುರು ಹೊಸ್ತಿಲು ಎಂದೂ ಬರೆದುಕೊಂಡಳು. ಒಂದು ಗಳಿಗೆ ಚಿತ್ರವನ್ನೇ ನೋಡುತ್ತಿದ್ದು, “ಹಾಗಾದರೆ ಹೊಸ್ತಿಲು ದಾಟಿದರೆ ಬಾಗಿಲು ತೆಗೆಯುತ್ತೆ, ಕುದುರೆ ಎಳೆದರೆ ಮತ್ತೆ ಶುರುವಾಗುತ್ತೆ, ಅಷ್ಟೇ ಅಲ್ಲವೇ ಸಾರ್?” ಎಂದಳು. ಅಷ್ಟೇ ಎಂದು ಹೇಳುವ ಅರಿವು ನನಗೆಲ್ಲಿತ್ತು? ಮುಂದಿನ ಕೆಲವು ವಾರ ನಾವಿಬ್ಬರೂ ಆ ಚಿತ್ರವನ್ನು ಹಳೆಯ ಶಾಸನವೊಂದನ್ನು ಓದುವವರಂತೆ ಅಕ್ಷರ ಅಕ್ಷರವಾಗಿ ಬಿಡಿಸಿದೆವು. ಗಳಿಗೆ ಬಟ್ಟಲಿನ ಹೋಲಿಕೆ ದೊರೆತದ್ದು ಆಗಲೇ. ತಿಳಿಯದ ಮಾತನ್ನು ತನ್ನ ಮಾತಿನಲ್ಲಿ ಹೇಳಿಕೊಂಡ ಮೇಲೆ ಅವಳು ಆ ಚಿತ್ರವನ್ನು ನೋಡುವ ರೀತಿಯೇ ಬೇರೆಯಾಯಿತು ಎಂಬುದನ್ನು ಕಣ್ಣಾರೆ ಕಂಡೆ.

ಬೆಂಗಳೂರಿಗೆ ಹೋದಾಗ ನಾನು ಅವಳ ಪಟ್ಟಿಯಂತೆ ಸಾಮಾನುಗಳನ್ನು ತಂದುಕೊಟ್ಟೆ. ಚಿಪ್ಪು ಎರಡು, ಬಿ.ಸಿ. ೫೪೭ ಎಂಬ ಟ್ರಾನ್ಸಿಸ್ಟರು, ಅಂಗೈಯಗಲದ ಧ್ವನಿವರ್ಧಕ, ಒಂಬತ್ತು ವೋಲ್ಟಿನ ಬ್ಯಾಟರಿ, ಬಣ್ಣದ ಪಟ್ಟೆಗಳ ರೋಧಕಗಳು. ಕಂದು, ಕಪ್ಪು, ಕಿತ್ತಳೆಯ ಪಟ್ಟೆಗಳಿದ್ದರೆ ಹತ್ತು ಸಾವಿರ ಓಮು. ನೀಲಿ, ಬೂದು, ಕಿತ್ತಳೆಯಾದರೆ ಅರುವತ್ತೆಂಟು ಸಾವಿರ. ಈ ಎರಡರ ಜೊತೆಗೆ ೦.೦೧ ಮೈಕ್ರೋಫ್ಯಾರಡ್ಡಿನ ಚಿಕ್ಕ ಬಟ್ಟಲನ್ನು ಸೇರಿಸಿದರೆ ಅದು ಸೆಕೆಂಡಿಗೆ ಸುಮಾರು ಸಾವಿರ ಸಲ ತುಂಬಿ ಬರಿದಾಗುತ್ತದೆ. ಕಿವಿಗೆ ಅದು ‘ಕುಂಯ್’ ಎಂಬ ತೀಕ್ಷ್ಣವಾದ ಧ್ವನಿ. ಪ್ಲಾಸ್ಟಿಕ್ಕಿನ ಕೊಡದೊಳಗೆ ಎರಡು ತಂತಿಗಳನ್ನು ಇಳಿಬಿಡಬೇಕು. ನಲ್ಲಿಯನ್ನು ತೆರೆದೇ ಇಟ್ಟು ಮಲಗಬೇಕು. ನೀರು ಬಂದು ಎರಡು ತಂತಿಗಳನ್ನೂ ಮುಟ್ಟಿದಾಗ, ಅದರೊಳಗಿನ ಲವಣಗಳ ದೆಸೆಯಿಂದ ಅತ್ಯಲ್ಪವಾದ ವಿದ್ಯುತ್ತು ಹರಿದು ಟ್ರಾನ್ಸಿಸ್ಟರನ್ನು ಎಚ್ಚರಿಸುತ್ತದೆ. ಟ್ರಾನ್ಸಿಸ್ಟರು ಚಿಪ್ಪಿಗೆ ಬ್ಯಾಟರಿಯ ದಾರಿಯನ್ನು ತೆರೆಯುತ್ತದೆ. ನೀರಿಲ್ಲದಾಗ ಬ್ಯಾಟರಿಗೆ ಖರ್ಚೇ ಇಲ್ಲವೆನ್ನಬಹುದು. ಮನೆಯ ವಿದ್ಯುತ್ತಿನ ಸಂಪರ್ಕವಿಲ್ಲವಾದ್ದರಿಂದ ಅಪಾಯವೂ ಇಲ್ಲ.

ಮೊದಲ ನೀರಿನ ರಾತ್ರಿ ತಾಯಿ ಮಲಗಲಿಲ್ಲ. ಪೆಟ್ಟಿಗೆ ಕೂಗುತ್ತದೆಯೋ ಇಲ್ಲವೋ ನೋಡಬೇಕೆಂದು ಎಂದಿನಂತೆ ನಲ್ಲಿಯ ಮುಂದೆಯೇ ಕುಳಿತಿದ್ದಳು. ಅದು ಕೂಗಿತು. ಎರಡನೆಯ ಸಲ ನಂಬಿ ಮಲಗಿದಳು. ಒಂದು ಗಂಟೆಗೆ ಪೆಟ್ಟಿಗೆ ಕೂಗಿತು, ಎದ್ದು ನೋಡಿದರೆ ನೀರಿಲ್ಲ. ನಲ್ಲಿಯಿಂದ ತೊಟ್ಟಿಕ್ಕಿದ ಹನಿಗಳೇ ಕೊಡದ ತಳದಲ್ಲಿ ಸೇರಿ ತಂತಿಗಳನ್ನು ಮುಟ್ಟಿದ್ದವು. “ನಿನ್ನ ಪೆಟ್ಟಿಗೆಗಿಂತ ನನ್ನ ಕಣ್ಣೇ ವಾಸಿ ಕಣೆ” ಎಂದಳಂತೆ ತಾಯಿ. ಹುಡುಗಿ ಮರುದಿನ ನಗುತ್ತ ಬಂದು, “ಹೊಸ್ತಿಲನ್ನು ನಾಲ್ಕು ಬೆರಳು ಎತ್ತರಿಸಬೇಕು ಸಾರ್” ಎಂದಳು. ತಂತಿಗಳ ತುದಿಯನ್ನು ಕೊಡದ ತಳದಿಂದ ನಾಲ್ಕು ಬೆರಳು ಮೇಲಕ್ಕೆ ಕಟ್ಟಿದಳು. ಹನಿಗಳು ಅಷ್ಟು ಎತ್ತರಕ್ಕೆ ಏರುವ ಹೊತ್ತಿಗೆ ಬೆಳಗಾಗುತ್ತದೆ. ನಲ್ಲಿ ಹರಿದರೆ ಒಂದು ನಿಮಿಷದಲ್ಲಿ ಏರುತ್ತದೆ. ತಿಂಗಳೊಪ್ಪತ್ತಿನಲ್ಲಿ ಇನ್ನೊಂದು ತೊಡಕು ಕಂಡಿತು. ಧನ ತುದಿಗೆ ಸೇರಿದ ತಾಮ್ರದ ತಂತಿ ಹಸಿರು ಹಿಡಿದು ಸವೆಯತೊಡಗಿತು. ನೀರಿನಲ್ಲಿ ವಿದ್ಯುತ್ತು ಹರಿದಾಗ ತಾಮ್ರ ಕರಗುವುದು ಸಹಜ. ತಾಮ್ರದ ಬದಲು ಅಡುಗೆಮನೆಯ ಎರಡು ಸ್ಟೀಲ್ ಚಮಚಗಳು ಕೊಡದೊಳಕ್ಕೆ ಇಳಿದವು.

ಆ ವರ್ಷದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಸಾಲುಸಾಲಾಗಿ ಮಿನುಗುವ ದೀಪಗಳಿದ್ದವು. ೫೫೫ರ ಮುಂದೆ ೪೦೧೭ ಎಂಬ ಎಣಿಕೆಯ ಚಿಪ್ಪನ್ನು ಇಟ್ಟರೆ ಹತ್ತು ದೀಪಗಳು ಒಂದರ ಹಿಂದೊಂದು ಓಡುತ್ತವೆ; ಗಣಪತಿಯ ಮಂಟಪಗಳಲ್ಲಿ ನೀವು ಕಂಡಿರಬಹುದು. ೭೮೦೫ ಎಂಬುದು ಏರಿಳಿಯುವ ಒತ್ತಡವನ್ನು ಐದು ವೋಲ್ಟಿಗೆ ಕಟ್ಟಿಹಾಕುತ್ತದೆ. ೭೪೧ ಎಂಬುದು ಕ್ಷೀಣವಾದ ಸಂಕೇತವನ್ನು ಹಿಗ್ಗಿಸುತ್ತದೆ. ಇವೆಲ್ಲ ಅಂಗಡಿಯಲ್ಲಿ ಅಂಕಿ ಹೇಳಿ ಕೊಳ್ಳಬಹುದಾದ ಬಂಧುಗಳೇ. ಆದರೆ ಅಂದು ದೀಪ ಓಡಿಸಿದ ಹುಡುಗರಲ್ಲಿ ಹಲವರು ಚಿತ್ರವನ್ನು ನೋಡಿ ಬೆಸೆದವರು. ವೇಗವನ್ನು ತುಸು ಕಡಿಮೆ ಮಾಡಿ ತೋರಿಸಿ ಎಂದರೆ ಮುಖ ಮುಖ ನೋಡಿಕೊಂಡರು. ಅವರನ್ನು ಜರೆಯಲಾರೆ. ನಕಲಿನಿಂದಲೇ ಕೈ ಪಳಗುತ್ತದೆ. ನಾನೂ ಮೊದಲು ಬರೆದ ಪದ್ಯಗಳು ಇನ್ನೊಬ್ಬರ ಛಂದಸ್ಸಿನವೇ. ಆದರೂ ಅಲ್ಲೇ ನಿಂತುಬಿಟ್ಟರೆ ಚಿಪ್ಪು ಚಿಪ್ಪಾಗಿಯೇ ಉಳಿಯುತ್ತದೆ. ಈಗಿನ ಶಾಲೆಗಳಲ್ಲಿ ೨೦೦೫ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೋ ಫಲಕಗಳು ಬಂದಿವೆ. ನಾಲ್ಕು ಸಾಲು ಬರೆದರೆ ದೀಪ ಮಿನುಗುತ್ತದೆ. ಒಳ್ಳೆಯದೇ. ಆದರೆ ಬಟ್ಟಲು ತುಂಬುವುದನ್ನು, ಬರಿದಾಗುವುದನ್ನು ಒಮ್ಮೆಯಾದರೂ ೫೫೫ರಲ್ಲಿ ಕಂಡು ಮುಂದೆ ಹೋದರೆ ಮೇಲೆಂಬುದು ಈ ಮುದುಕನ ಅಭಿಪ್ರಾಯ.

ತೀರ್ಪುಗಾರರೊಬ್ಬರು ಹುಡುಗಿಯ ಕೊಡವನ್ನೂ ಚಮಚಗಳನ್ನೂ ನೋಡಿ ನಕ್ಕು, “ಈ ಕಪ್ಪು ಪೆಟ್ಟಿಗೆಯೊಳಗೆ ಏನಿದೆಯಮ್ಮ?” ಎಂದು ಕೇಳಿದರು. ಅವಳು ಬಟ್ಟಲು, ರಂಧ್ರ, ಎರಡು ಗೆರೆ, ಕುದುರೆ, ಹೊಸ್ತಿಲು ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಇನ್ನೊಮ್ಮೆ ಹೇಳು” ಎಂದರು. ಬಹುಮಾನ ಓಡುವ ದೀಪಕ್ಕೆ ಹೋಯಿತು.

ಅವಳಿಗೆ ಅದರ ಚಿಂತೆ ಇರಲಿಲ್ಲ. ಅಷ್ಟರಲ್ಲಿ ಬೀದಿಯವರು ಬೆನ್ನು ಹತ್ತಿದ್ದರು. ಆರು ಮನೆಗಳಿಗೆ ಆರು ಪೆಟ್ಟಿಗೆಗಳಾದವು. ಆಗ ಹೊಸದೊಂದು ಪೇಚು. ಆರೂ ಒಂದೇ ಸ್ವರದಲ್ಲಿ ಕೂಗಿದರೆ ಕತ್ತಲೆಯಲ್ಲಿ ಯಾರ ಮನೆಯದೆಂದು ತಿಳಿಯುವುದು ಹೇಗೆ? ಒಂದು ಕೂಗಿದರೆ ಆರು ಮನೆಯವರೂ ಏಳುತ್ತಿದ್ದರು. ಹುಡುಗಿ ಪ್ರತಿಯೊಂದು ಪೆಟ್ಟಿಗೆಯಲ್ಲೂ ಒಂದೇ ಒಂದು ರೋಧಕವನ್ನು ಬದಲಿಸಿದಳು. ಒಂದಕ್ಕೆ ಮೂವತ್ತಮೂರು ಸಾವಿರ, ಒಂದಕ್ಕೆ ನಲವತ್ತೇಳು, ತನ್ನದಕ್ಕೆ ಮೊದಲಿನ ಅರುವತ್ತೆಂಟು, ಇನ್ನೊಂದಕ್ಕೆ ಲಕ್ಷ, ಹೀಗೆ. ರಂಧ್ರ ಕಿರಿದಾದಷ್ಟೂ ಬಟ್ಟಲು ತುಂಬುವುದು ನಿಧಾನ. ನಿಧಾನವಾದಷ್ಟೂ ದನಿ ದಪ್ಪ. ಬೀದಿ ಏರಿನ ಬೀದಿ. ತಗ್ಗಿನ ಮನೆಗಳಿಗೆ ಮೊದಲು ನೀರು. ಎಲ್ಲಕ್ಕಿಂತ ಮೇಲೆ ಒಬ್ಬಳೇ ಇದ್ದ ಅಜ್ಜಿಯ ಮನೆಗೆ ಕೊನೆಗೆ, ಒಮ್ಮೊಮ್ಮೆ ಬರುತ್ತಲೂ ಇರಲಿಲ್ಲ. ಅಜ್ಜಿಯ ಪೆಟ್ಟಿಗೆಗೆ ಒಂದೂವರೆ ಲಕ್ಷ ಓಮಿನ ರೋಧಕ; ಆರರಲ್ಲಿ ಅತ್ಯಂತ ದಪ್ಪ ದನಿ.

ಬೇಸಗೆಯ ಒಂದು ರಾತ್ರಿ ಊರ ಜಾತ್ರೆಯಿಂದ ಹಿಂದಿರುಗುತ್ತ ನಾನು ಆ ಬೀದಿಯಲ್ಲಿ ಬಂದೆ. ಕೆಳಗಿನ ಮನೆಯಲ್ಲಿ ಸಣ್ಣ ದನಿಯೊಂದು ಎದ್ದಿತು. ಅದರ ಮೇಲಿನದು, ಅದರ ಮೇಲಿನದು. ಹುಡುಗಿಯ ತಾಯಿ ಎರಡು ಕೊಡ ತುಂಬಿ ಮೂರನೆಯದನ್ನು ಇಡಲು ಹೋದವಳು ತಡೆದು, ಏರಿನ ಕಡೆಗೆ ಕಿವಿಗೊಟ್ಟಳು. “ಅಜ್ಜೀದು ಇನ್ನೂ ಕೂಗಿಲ್ಲ ನೋಡಿ ಮೇಷ್ಟ್ರೇ” ಎನ್ನುತ್ತ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು. ಕೆಳಗಿನ ಎರಡು ಮನೆಗಳಲ್ಲಿಯೂ ನಲ್ಲಿಯ ಸದ್ದು ನಿಂತಿತು. ಬಾಗಿಲಲ್ಲಿ ನಿಂತು ಎಲ್ಲರೂ ಕಾದರು. ಸ್ವಲ್ಪ ಹೊತ್ತಿನ ಮೇಲೆ ಬೀದಿಯ ತುದಿಯಿಂದ ಆ ದಪ್ಪ ದನಿ ಕೇಳಿಸಿತು.